ಚಿತ್ತವೈಕಲ್ಯವೂ ಅಪರಾಧದ ಹೊಣೆಯೂ

ಬುದ್ಧಿ ವಿಕಲವಾದವನು ಎಸಗಿದ ಕೃತ್ಯಕ್ಕೆ ದಂಡನೆ ಉಂಟೆ? ಈ ಪ್ರಶ್ನೆಗೆ ನಮ್ಮ ನ್ಯಾಯಸ್ಥಾನಗಳು ಕೊಡುವ ಉತ್ತರವು ಆಂಗ್ಲ ನ್ಯಾಯಪರಂಪರೆಗೆ ಬಹುಮಟ್ಟಿಗೆ ಋಣಿಯಾಗಿದೆ. ಮುಂಬಯಿ ಪ್ರಾಂತದಲ್ಲಿದ್ದ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಪ್ರದೇಶಗಳಿಗೆ ಭಾರತ ದಂಡಸಂಹಿತೆಯು 1862ರ ಜನವರಿ 1ರಿಂದ ಅನ್ವಯವಾಯಿತು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. 1997ರಿಂದ ಈ ನಾಲ್ಕೂ ತಾಲೂಕುಗಳು ಹಾವೇರಿ ಜಿಲ್ಲೆಯಲ್ಲಿವೆ. ಇಲ್ಲಿಯ ಜನಜೀವನವನ್ನು ಮುಂದಿಟ್ಟುಕೊಂಡು ಈ ತತ್ತ್ವವನ್ನು ನಾವು ವಿವೇಚಿಸೋಣ.

1843ರ ಜನವರಿಯಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬವನು ಪ್ರಧಾನಿ ರಾಬರ್ಟ್ ಪೀಲನ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡನನ್ನು ಲಂಡನ್ನಿನಲ್ಲಿ ಗುಂಡಿಟ್ಟು ಕೊಂದನು. ಆಳುವ ಪಕ್ಷದವರು ತನ್ನನ್ನು ಬೆನ್ನಟ್ಟಿ ಹಿಂಸಿಸುತ್ತಿದ್ದಾರೆಂಬ ಭ್ರಾಂತಿ ಅವನನ್ನು ಆವರಿಸಿತ್ತು. ಚಿತ್ತವೈಕಲ್ಯದ ಆಧಾರದ ಮೇಲೆ ಅವನು ದೋಷಮುಕ್ತನಾದಾಗ ದೇಶದಲ್ಲಿ ಕೋಲಾಹಲವೆದ್ದಿತು. ಶ್ರೀಮಂತರ ಸಭೆಯು ನ್ಯಾಯಾಧೀಶರನ್ನು ಪ್ರಶ್ನಿಸಿ ಉತ್ತರ ಪಡೆಯಿತು. ಆ ಉತ್ತರಗಳೇ ಮ್ಯಾಕ್‌ನಾಟನ್ ಸೂತ್ರಗಳು: ಪ್ರತಿಯೊಬ್ಬನೂ ಸ್ವಸ್ಥಚಿತ್ತನೆಂದೇ ಭಾವಿಸತಕ್ಕದ್ದು, ಮನೋರೋಗದಿಂದ ವಿವೇಕ ಕುಂದಿ, ಕೃತ್ಯದ ಕಾಲಕ್ಕೆ ಅದರ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯದಿದ್ದನೆಂದು ರುಜುವಾದರೆ ಮಾತ್ರ ರಕ್ಷಣೆ.

ನಮ್ಮ ದಂಡಸಂಹಿತೆಯ 84ನೆಯ ಕಲಮು ಇದನ್ನೇ ಹೋಲುತ್ತದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿದೆ. ‘ತಪ್ಪು’ ಎಂದರೆ ಕಾನೂನಿನ ದೃಷ್ಟಿಯ ತಪ್ಪೇ ಎಂದು ಇಂಗ್ಲೆಂಡಿನಲ್ಲಿ 1952ರ ವಿಂಡಲ್ ಖಟ್ಲೆ ನಿರ್ಣಯಿಸಿತು. ನಮ್ಮ ಕಲಮಾದರೋ ‘ತಪ್ಪು ಅಥವಾ ಕಾನೂನಿಗೆ ವಿರುದ್ಧ’ ಎಂದು ಎರಡನ್ನೂ ಹೆಸರಿಸುತ್ತದೆ. ಇಂಗ್ಲೆಂಡು 1957ರಲ್ಲಿ ಅಂಗೀಕರಿಸಿದ ‘ಕುಂದಿದ ಹೊಣೆ’ಯ ತತ್ತ್ವಕ್ಕೆ ನಮ್ಮಲ್ಲಿ ಸ್ಥಾನವಿಲ್ಲ.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ಹಾನಗಲ್ಲ ಸೀಮೆಯ ರೈತನೊಬ್ಬನು ಭತ್ತದ ಕಣದಲ್ಲಿ ಮಲಗಿದ್ದ ತಮ್ಮನನ್ನು ಚಿರತೆಯೆಂದೇ ಭ್ರಮಿಸಿ ಕೊಡಲಿಯಿಂದ ಕಡಿದನೆನ್ನಿ. ರೋಗವೇ ಆ ಭ್ರಮೆಗೆ ಕಾರಣವಾಗಿದ್ದರೆ, ಅವನು ಕೃತ್ಯದ ಸ್ವರೂಪವನ್ನೇ ಅರಿಯಲಾರದವನು; ಅವನಿಗೆ ರಕ್ಷಣೆಯುಂಟು. ಅದೇ ರೈತನು, ತಮ್ಮನು ತನಗೆ ಮಾಟ ಮಾಡಿಸಿದನೆಂಬ ಭ್ರಾಂತಿಯಿಂದ ಸೇಡಿಗಾಗಿ ಕೊಂದು, ಕೊಡಲಿಯನ್ನು ಬಾವಿಗೆಸೆದು ಅಡಗಿದನೆನ್ನಿ. ಇಲ್ಲಿಯೂ ರೋಗವಿದೆ, ಆದರೆ ಕೊಲೆ ದಂಡನೀಯವೆಂಬ ಅರಿವು ಅವನಲ್ಲಿ ಇದ್ದಿತೆಂಬುದನ್ನು ಅಡಗಿದ ನಡತೆಯೇ ಸೂಚಿಸುತ್ತದೆ. ವೈದ್ಯನು ಇಬ್ಬರನ್ನೂ ರೋಗಿಗಳೆನ್ನುವನು. ನ್ಯಾಯವು ಮೊದಲನೆಯವನನ್ನು ಮಾತ್ರ ಬಿಡುವುದು.

ರುಜುವಾತಿನ ಹೊಣೆ ಆರೋಪಿಯ ಮೇಲಿದೆ. ಹಳ್ಳಿಗಳಲ್ಲಿ ಇಂಥವರನ್ನು ಗಾಳಿ ಸೋಕಿತೆಂದು ಗುಡಿಗೋ ದರ್ಗಾಕ್ಕೋ ಕರೆದೊಯ್ಯುವುದುಂಟು. 1845ರಲ್ಲಿ ಸ್ಥಾಪಿತವಾದ ಧಾರವಾಡದ ಮಾನಸಿಕ ಆಸ್ಪತ್ರೆಯ ಮೆಟ್ಟಿಲನ್ನು ಹತ್ತದವನ ಕೈಯಲ್ಲಿ ವೈದ್ಯರ ಕಾಗದವೆಲ್ಲಿಯದು? ಇಲ್ಲಿ 1964ರ ದಾಹ್ಯಾಭಾಯಿ ಠಕ್ಕರ್ ಖಟ್ಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪು ಮಹತ್ತ್ವದ್ದು. ಆರೋಪಿಯು ಸಂಭವನೀಯತೆಯನ್ನು ತೋರಿಸಿದರೆ ಸಾಕು, ಸಂದೇಹಾತೀತ ರುಜುವಾತು ಬೇಡ. ಕೃತ್ಯದ ಹಿಂದಣ, ಆಗಿನ, ಮುಂದಣ ನಡತೆಯನ್ನೆಲ್ಲ ಪರಿಶೀಲಿಸಬೇಕು. ಆದ್ದರಿಂದ ನೆರೆಯವರ ಸಾಕ್ಷ್ಯವೂ ನಿರರ್ಥಕವಲ್ಲ.

ಬಿಡುಗಡೆಯೆಂದರೆ ಸ್ವೈರಸಂಚಾರವೆಂದೂ ತಿಳಿಯಲಾಗದು. ಹೀಗೆ ದೋಷಮುಕ್ತನಾದವನನ್ನು ಸುರಕ್ಷಿತ ಬಂಧನದಲ್ಲಿರಿಸಲು, ಇಲ್ಲವೆ ಬಂಧುಗಳ ವಶಕ್ಕೊಪ್ಪಿಸಲು ಕಾನೂನು ಅವಕಾಶವಿತ್ತಿದೆ. ರೋಗಿಯನ್ನು ದಂಡಿಸುವುದು ಅನ್ಯಾಯ, ಅವನನ್ನು ಕಾಯದಿರುವುದು ಅಪಾಯ. ಈ ಎರಡರ ನಡುವೆ ನ್ಯಾಯಾಧೀಶನು ನಿಲ್ಲಬೇಕಾದರೆ, ಮನೆಯವರು ರೋಗವನ್ನು ಕಾಲಕ್ಕೆ ಗುರುತಿಸಿ ವೈದ್ಯರ ಬಳಿಗೆ ಒಯ್ದಿರುವುದೇ ಅವನಿಗೆ ದೊರೆಯಬಹುದಾದ ಉತ್ತಮ ಸಾಕ್ಷ್ಯವೆಂದು ನಾವು ಭಾವಿಸುತ್ತೇವೆ.