ನನ್ನ ಮೂಗಿಗೆ ಸಿಗದ ಕಸ್ತೂರಿ

ಎರಡು ಪುಟ್ಟ ಕುಪ್ಪಿ, ಎರಡರ ಮೇಲೂ ‘ಮಸ್ಕ್’ ಎಂಬ ಚೀಟಿ. ಸಂಡೂರಿನ ಅತ್ತಿಗೆಗೆ ಒಂದನ್ನು ಆರಿಸಬೇಕೆಂದು ಹೊಸಪೇಟೆಯ ಅತ್ತರಿನಂಗಡಿಯಲ್ಲಿ ನಿಂತಿದ್ದೆ. ಮೊದಲನೆಯದನ್ನು ಮೂಸಿದೆ: ಆಗತಾನೇ ಮೀಯಿಸಿ ಪೌಡರ್ ಹಚ್ಚಿದ ಕೂಸಿನ ಕತ್ತು! ಎರಡನೆಯದರಲ್ಲೂ ಅದೇ ಪೌಡರು, ಆದರೆ ಚಣ ಹೊತ್ತು ಸುಳಿದು ಮಾಯ. ಜತೆಗಿದ್ದ ಕಂಪ್ಲಿಯ ಗೆಳತಿ ಮಾತ್ರ ಆ ಎರಡನೆಯ ಕುಪ್ಪಿಯಿಂದ ಮುಖವನ್ನೇ ಎತ್ತಲಿಲ್ಲ. “ಅಬ್ಬಾ, ಎಷ್ಟು ಗಮ್ಮಂತೈತಿ!” ಗಮ್ಮೆನ್ನುವುದೇ? ಮತ್ತೆ ಮೂಸಿದೆ. ಏನೂ ಇಲ್ಲ!

“ಕುಪ್ಪಿ ಮೂಸಿದ್ರ ಗೊತ್ತಾಗಂಗಿಲ್ರಿ. ಕೈಗೆ ಹಚ್ಕೊಂಡು ಹೋಗ್ರಿ, ಸಂಜಿಗೆ ನೋಡ್ರಿ,” ಎಂದರು ಅಂಗಡಿಯ ಚಾಚಾ. ಎಡಗೈಗೊಂದು, ಬಲಗೈಗೊಂದು ಹಚ್ಚಿಕೊಂಡು ಹಂಪಿಯ ಬಸ್ಸು ಹತ್ತಿದೆ.

ಬಸ್ಸಿನಲ್ಲೇ ಫೋನ್ ತೆಗೆದು ಓದತೊಡಗಿದವಳಿಗೆ ಮೈ ಜುಮ್ಮೆಂದಿತು. ಕಸ್ತೂರಿಮೃಗದ ವ್ಯಾಪಾರಕ್ಕೆ 1972ರ ವನ್ಯಜೀವಿ ಕಾಯ್ದೆಯ ತಡೆಯಿದೆ. ಈಗ ಕುಪ್ಪಿಗಳಲ್ಲಿರುವುದು ಹೆಚ್ಚಾಗಿ ಪ್ರಯೋಗಾಲಯದ ಕಸ್ತೂರಿ. ಅದರ ಮೊದಲ ರೂಪ 1888ರಲ್ಲಿ ಆಲ್ಬರ್ಟ್ ಬೌರ್ ಎಂಬಾತನ ಕೈಗೆ ಸಿಕ್ಕಿದ್ದು ಸಿಡಿಮದ್ದಿನ ಪ್ರಯೋಗ ನಡೆಸುತ್ತಿದ್ದಾಗ! ಮುಂದೆ 1926ರಲ್ಲಿ ರುಜಿಚ್ಕಾ ಎಂಬ ರಸಾಯನ ವಿಜ್ಞಾನಿ ಕಂಡುಕೊಂಡದ್ದು ಇನ್ನೂ ಬೆರಗಿನದು. ನಮ್ಮ ಹಿರಿಯರು ಒಟ್ಟಿಗೇ ಹೆಸರಿಸುತ್ತಿದ್ದ ಪುನುಗು, ಕಸ್ತೂರಿ ಎರಡರ ಪರಿಮಳದ ತಿರುಳೂ ಇಂಗಾಲದ ದೊಡ್ಡ ಉಂಗುರ: ಪುನುಗಿಗೆ 17 ಕೊಂಡಿ, ಕಸ್ತೂರಿಗೆ 15. ಅಷ್ಟು ದೊಡ್ಡ ಉಂಗುರ ನಿಲ್ಲಲಾರದು ಎಂದು ಆವರೆಗೆ ರಸಾಯನ ವಿಜ್ಞಾನಿಗಳು ನಂಬಿದ್ದರು.

ಆಮೇಲೆ ಬಂತು ನನ್ನ ಮೂಗಿನ ಗುಟ್ಟು! ಇಂಥ ಸುಗಂಧಗಳಲ್ಲಿ ಬಹಳ ಬಳಕೆಯಾಗುವ ಗ್ಯಾಲಕ್ಸೋಲೈಡ್ ಎಂಬ ಕಸ್ತೂರಿ ಕೆಲವರ ಮೂಗಿಗೆ ಹತ್ತುವುದೇ ಇಲ್ಲವಂತೆ. ಅದನ್ನು ಹಿಡಿಯುವ ಒಂದು ಗ್ರಾಹಕದ ವಂಶವಾಹಿಯಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಸಾಕು. 2019ರ ಸಂಶೋಧನೆ ಅದನ್ನೇ ತೋರಿಸಿದೆ. ಮಿಕ್ಕೆಲ್ಲ ವಾಸನೆಯೂ ತಿಳಿಯುವ ಮೂಗಿನಲ್ಲಿ ಅದೊಂದಕ್ಕೆ ಮಾತ್ರ ಬಾಗಿಲು ಮುಚ್ಚಿರುತ್ತದೆ!

ವಿರೂಪಾಕ್ಷನ ಎದುರಿನ ಬೀದಿಯಲ್ಲಿ ಬಿಸಿಲಿಗೆ ಎಡಗೈ ಅರಳಿತು. 1443ರಲ್ಲಿ ವಿಜಯನಗರದ ಈ ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂದು ಬರೆದಿಟ್ಟ. ದೊರೆ ಎರಡನೇ ದೇವರಾಯನಿಂದ ಅವನಿಗೆ ವೀಳ್ಯದ ಜತೆ ಕರ್ಪೂರವೂ ಬರುತ್ತಿತ್ತು. ಅದಕ್ಕೂ ನಾಲ್ಕು ಶತಮಾನ ಮೊದಲೇ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಸುಗಂಧ ಕೂಡಿಸುವ ಬಗೆಯನ್ನು ಕನ್ನಡದಲ್ಲೇ ಹೇಳಿದ್ದ. ಸಾವಿರ ವರ್ಷದಿಂದ ಕಸ್ತೂರಿಯನ್ನು ಮೆಚ್ಚಿದ ಎಷ್ಟು ಮೂಗುಗಳು ಒಂದೊಂದೂ ಬೇರೆ ಬೇರೆ ಕಸ್ತೂರಿಯನ್ನು ಮೂಸಿದ್ದವೋ!

ಕತ್ತಲಾಗುವ ಹೊತ್ತಿಗೆ ಸಂಡೂರು. ಏನೂ ಹೇಳದೆ ಎರಡೂ ಕೈ ಚಾಚಿದೆ. ಅತ್ತಿಗೆ ಎಡಗೈ ಮೂಸಿ ತಲೆಯಾಡಿಸಿದರು. ಬಲಗೈ ಮೂಸಿದರು. ನನಗೆ ಬರೀ ಚರ್ಮವಾಗಿದ್ದ ಅದೇ ಬಲಗೈ! ಕಣ್ಣು ಮುಚ್ಚಿದರು, ಬಿಡಲಿಲ್ಲ.

“ನಮ್ಮವ್ವನ ಟ್ರಂಕು,” ಎಂದರು. “ರೇಷ್ಮೆ ಸೀರಿ ಮಡಿಚಿಡೋ ಟ್ರಂಕು. ನಿನಗ ಬರವಲ್ದೇನು?”