ಕಡಲಡಿಯ ‘ದಿಣ್ಣೆ’ ಅಂದರೆ ಯಾವುದು?

‘ದಿಣ್ಣೆ’ ನಮಗೆಲ್ಲ ಗೊತ್ತಿರುವ ಪದವೇ. ಬೆಂಗಳೂರಿನಲ್ಲಿ ಕೊತ್ತನೂರು ದಿಣ್ಣೆ ಇದೆ. ಕೆಟ್ಟ ರಸ್ತೆ ಸಿಕ್ಕಿದರೆ ‘ಬರೀ ಹಳ್ಳ-ದಿಣ್ಣೆ’ ಅಂತ ಬೈತೀವಿ. ಸುತ್ತಲಿನ ನೆಲಕ್ಕಿಂತ ಎದ್ದು ನಿಂತ ಜಾಗ ಅಂತ ಅರ್ಥ. ಅಂದರೆ ದಿಣ್ಣೆಯ ಎತ್ತರವನ್ನು ನಾವು ಲೆಕ್ಕ ಹಾಕೋದು ಪಕ್ಕದ ತಗ್ಗಿನಿಂದ. ಅದಕ್ಕೇ ಈ ಪದ ನೀರಿನಡಿಗೂ ಚೆನ್ನಾಗಿ ಹೊಂದುತ್ತೆ. ನೆತ್ತಿ ಸಮುದ್ರಮಟ್ಟಕ್ಕಿಂತ 2,500 ಮೀಟರ್ ಕೆಳಗಿದ್ದರೂ, ಪಕ್ಕದ ತಳ ಇನ್ನೂ ಆಳದಲ್ಲಿದ್ದರೆ ಅದು ದಿಣ್ಣೆಯೇ.

ತೊಡಕಿರುವುದು ಬಳಕೆಯಲ್ಲಿ. ‘ದಿಣ್ಣೆ’ ಅಥವಾ ‘ದಿಬ್ಬ’ ಅಂತ ಬರೆದು ಮೂರು ಬೇರೆ ಬೇರೆ ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ.

ಮೊದಲನೆಯದು ಮರಳಿನದು. ನಮ್ಮ ಕರಾವಳಿಯ ಅಳಿವೆಗಳಲ್ಲಿ ಹೊಳೆಯ ಮರಳೂ ಅಲೆಯ ಮರಳೂ ಸೇರಿ ಏರು ಕಟ್ಟುತ್ತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಜಾಗ ಬದಲಿಸಬಹುದು. ಮೀನುಗಾರರ ಬೋಟು ತಗುಲಿ ಮಗುಚಿದರೆ ಜೀವವೇ ಹೋಗುತ್ತೆ. ಇಲ್ಲಿ ಹೂಳೆತ್ತಲೇಬೇಕು.

ಎರಡನೆಯದು ಹವಳದ್ದು. ಲಕ್ಷದ್ವೀಪದ ಸುತ್ತ ಇರುವುದು ಇದು. ಪುಟ್ಟ ಪುಟ್ಟ ಜೀವಿಗಳು ಸುಣ್ಣದ ಗೂಡು ಕಟ್ಟುತ್ತಾ ಬೆಳೆಸಿದ ರಚನೆ. ಇಲ್ಲಿ ಹೂಳೆತ್ತುವ ಯಂತ್ರ ಇಳಿಸಿದರೆ ಒಂದು ಇಡೀ ಜೀವಲೋಕವನ್ನೇ ಕೊಂದ ಹಾಗೆ.

ಮೂರನೆಯದು ಇಂಗ್ಲಿಷಿನಲ್ಲಿ ‘ರಿಡ್ಜ್’ ಅನ್ನಿಸಿಕೊಳ್ಳುವುದು. ಭೂಮಿಯ ಫಲಕಗಳು ಒಂದರಿಂದ ಒಂದು ದೂರ ಸರಿಯುವ ಕಡೆ ಕೆಳಗಿನಿಂದ ಶಿಲಾರಸ ಮೇಲೆದ್ದು, ತಣಿದು, ಹೊಸ ತಳವಾಗುತ್ತೆ. ಹೊಸ ತಳ ಬಿಸಿಯಾಗಿ ಹಿಗ್ಗಿರುವುದರಿಂದ ಎತ್ತರದಲ್ಲಿರುತ್ತೆ. ದೂರ ಸರಿದು ತಣಿದಂತೆ ತಗ್ಗುತ್ತೆ. ಎಲ್ಲ ಸಾಗರಗಳಲ್ಲೂ ಹಬ್ಬಿರುವ ಈ ಸಾಲಿನ ಉದ್ದ ಸುಮಾರು 65,000 ಕಿಲೋಮೀಟರ್. ಅರಬ್ಬೀ ಸಮುದ್ರದ ‘ಕಾರ್ಲ್ಸ್‌ಬರ್ಗ್ ರಿಡ್ಜ್’ ಇದರದೇ ಒಂದು ತುಂಡು. ಹೂಳೆತ್ತುವ ಮಾತು ಇಲ್ಲಿ ತಮಾಷೆ ಆಗುತ್ತೆ ಅಷ್ಟೇ.

ಹೆಸರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನೀವು ಕೇಳಬಹುದು. ಅಟ್ಲಾಂಟಿಕ್ ಸಾಗರದ ಕಥೆ ಕೇಳಿ. 1850ರ ದಶಕದಲ್ಲಿ ಅಮೆರಿಕದ ನೌಕಾಧಿಕಾರಿ ಮ್ಯಾಥ್ಯೂ ಮೌರಿ, ದಾರಕ್ಕೆ ಭಾರ ಕಟ್ಟಿ ಇಳಿಸಿ ಪಡೆದ ಕೆಲವೇ ಅಳತೆಗಳಿಂದ ತಳದ ನಕ್ಷೆ ಮಾಡಿದರು. ನಡುವೆ ಎತ್ತರದ ಭಾಗ ಕಂಡಿತು. ಟೆಲಿಗ್ರಾಫ್ ಕೇಬಲ್ ಹಾಸಲು ಹೇಳಿ ಮಾಡಿಸಿದಂತಿದೆ ಅನ್ನಿಸಿ ಅದಕ್ಕೆ ‘ಟೆಲಿಗ್ರಾಫ್ ಪ್ರಸ್ಥಭೂಮಿ’ ಎಂಬ ಹೆಸರು ಬಂತು. ಹೆಸರು ಕೇಳಿದರೆ ಸಮತಟ್ಟಾದ ನೆಲವೇ ಕಣ್ಣಿಗೆ ಬರುತ್ತೆ. 1925–27ರಲ್ಲಿ ಜರ್ಮನಿಯ ‘ಮಿಟಿಯೋರ್’ ಹಡಗು ಶಬ್ದದ ಪ್ರತಿಧ್ವನಿಯಿಂದ ಆಳ ಅಳೆದಾಗ ಕಂಡದ್ದು ಒರಟು ಬೆಟ್ಟಗಳ ಸಾಲು. 1950ರ ದಶಕದಲ್ಲಿ ಮೇರಿ ಥಾರ್ಪ್ ಅಂಥ ಅಳತೆಗಳನ್ನು ಜೋಡಿಸಿ ಬಿಡಿಸಿದಾಗ ಆ ಸಾಲಿನ ನೆತ್ತಿಯುದ್ದಕ್ಕೂ ಒಂದು ಬಿರುಕು ಕಣಿವೆ ಕಾಣಿಸಿತು. ತಳ ಅಲ್ಲಿ ಸೀಳುತ್ತಿದೆ ಅನ್ನುವ ಸುಳಿವು ಅದು. ‘ಪ್ರಸ್ಥಭೂಮಿ’ ಅನ್ನುವ ಪದದೊಳಗೆ ಈ ಸುಳಿವಿಗೆ ಜಾಗವೇ ಇರಲಿಲ್ಲ.

ಹಾಗಾಗಿ ನಮ್ಮ ಸಲಹೆ ಇದು. ‘ದಿಣ್ಣೆ’ಯನ್ನು ಬಿಡೋದು ಬೇಡ, ಒಂಟಿಯಾಗಿ ಬಿಡೋದೂ ಬೇಡ. ಅಳಿವೆಯಲ್ಲಿರುವುದು ‘ಮರಳು ದಿಣ್ಣೆ’. ಜೀವಿಗಳು ಕಟ್ಟಿದ್ದು, ಪಠ್ಯಪುಸ್ತಕದ ರೂಢಿಯಂತೆ, ‘ಹವಳದ ದಿಬ್ಬ’. ರಿಡ್ಜ್‌ಗೆ ‘ಕಡಲಡಿಯ ದಿಣ್ಣೆಸಾಲು’ ಅನ್ನೋಣ. ರಿಡ್ಜ್‌ನ ಜೀವಾಳ ಉದ್ದ. ‘ಬೆಟ್ಟಸಾಲು’ ಗೊತ್ತಿರುವ ನಮಗೆ ‘ಸಾಲು’ ಅಂದ ಕೂಡಲೇ ಅದು ಕಣ್ಣಿಗೆ ಕಟ್ಟುತ್ತೆ.

ಮುಂದೆ ಸೆಮಿನಾರಿಗೋ ಪ್ರಾಜೆಕ್ಟ್ ವರದಿಗೋ ಕನ್ನಡದಲ್ಲಿ ಬರೆಯುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಅದು ಯಾವುದರಿಂದ ಆಗಿದೆ? ಎಷ್ಟು ಉದ್ದ ಇದೆ? ಜಾಗ ಬದಲಿಸುತ್ತಾ? ಉತ್ತರ ಸಿಕ್ಕರೆ ಸರಿಯಾದ ಪದ ತಾನಾಗೇ ಸಿಗುತ್ತೆ.