ಕಾರ್ಯದರ್ಶಿ ಎರಡು ತಿಂಗಳು ಬರುವುದಿಲ್ಲ ಎಂದಾಗ



ನಮ್ಮ ನಂದಿನಿಯ ರಾಯಭಾರಿ, ನಟ ಶಿವರಾಜ್‌ಕುಮಾರ್ ಅವರ ಸುದ್ದಿ ನಿಮಗೆ ನೆನಪಿರಬಹುದು. ತಮಗೆ ಆರೋಗ್ಯದ ತೊಂದರೆ ಇದೆ, ಚಿಕಿತ್ಸೆ ನಡೆದಿದೆ, ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋಗಬೇಕಿದೆ ಎಂದು 2024ರ ನವೆಂಬರ್‌ನಲ್ಲಿ ಅವರೇ ಹೇಳಿಕೊಂಡರು. ಚಿಕಿತ್ಸೆಯ ನಡುವೆಯೂ ಚಿತ್ರೀಕರಣಕ್ಕೆ ಹೋಗಿ, ಡಿಸೆಂಬರ್ 18ರಂದು ಹೊರಟರು. 24ರಂದು ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಯಿತು. ಜನವರಿ 26ಕ್ಕೆ ಬೆಂಗಳೂರಿಗೆ ಮರಳಿದರು. ಹೊರಡುವ ಮೊದಲು ಕಾಯಿಲೆಯ ಹೆಸರನ್ನು ಅವರು ಬಿಚ್ಚಿ ಹೇಳಿರಲಿಲ್ಲ. ಆದರೆ ತಾವು ಸ್ವಲ್ಪ ದಿನ ಇರುವುದಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ.

ಸಂಘ ನಡೆಸುವವರಿಗೆ ಬೇಕಾದದ್ದು ಇಷ್ಟೇ. ಕಾಯಿಲೆಯ ಹೆಸರು ಅವರವರ ಮನೆಯ ವಿಷಯ. ಎಷ್ಟು ದಿನ ಬರಲಾಗದು ಎಂಬುದು ಮಾತ್ರ ಸಂಘದ ವಿಷಯ.

ಪೋತ್ನಾಳದಂಥ ಊರಿನಲ್ಲಿ ಡೈರಿ ಎಂದರೆ ಬಹಳ ಕಡೆ ಕಾರ್ಯದರ್ಶಿ ಒಬ್ಬರೇ. ಬೆಳಿಗ್ಗೆ, ಸಂಜೆ ಹಾಲು ಅಳೆಯುವುದು, ಫ್ಯಾಟು, ಎಸ್‌ಎನ್‌ಎಫ್ ನೋಡುವುದು, ಲೆಕ್ಕ ಬರೆಯುವುದು, ಬಟವಾಡೆ ಮಾಡುವುದು, ಎಲ್ಲ ಅವರದೇ. ಅಂಥವರಿಗೆ ರಾಯಚೂರಿನ ರಿಮ್ಸ್‌ನಲ್ಲಿ ಆಪರೇಷನ್ ಆಗಬೇಕು ಅಂದರು, ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ ಹೋಗಿ ಎಂದು ಕಳಿಸಿದರು ಅನ್ನಿ. ಯಾರಿಗೂ ಹೇಳದೆ ರಾತ್ರಿ ಬಸ್ಸು ಹತ್ತಿದರೆ ಮರುದಿನ ಕ್ಯಾನು ತಂದವರು ಬೀಗ ನೋಡಿ ನಿಲ್ಲಬೇಕು. ಹಾಲು ಕಾಯುವುದಿಲ್ಲ. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನವೂ ಸಂಘದಿಂದ ಹೋಗುವ ಲೆಕ್ಕದ ಮೇಲೇ ನಿಂತಿದೆ. ಲೆಕ್ಕ ತಡವಾದರೆ ನಿಮ್ಮ ಖಾತೆಗೆ ಹಣವೂ ತಡ.

ಹೇಳಲು ಯಾಕೆ ಹಿಂಜರಿಯುತ್ತಾರೆ? ಕುರ್ಚಿ ಹೋಗುತ್ತದೆಂಬ ಅಂಜಿಕೆ. ಊರ ಬಾಯಿಯ ಅಂಜಿಕೆ ಅದಕ್ಕಿಂತ ದೊಡ್ಡದು. ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು, ಅದರಲ್ಲೂ ಗರ್ಭಕೋಶದ್ದೋ ಎದೆಯದ್ದೋ ಗಂಟು ಎಂದರೆ. ಈ ಅಂಜಿಕೆ ಬಿಡಿಸುವುದು ಆಡಳಿತ ಮಂಡಳಿಯ ಕೆಲಸ. "ಅಕ್ಕಾ, ನೀವು ಹೋಗಿ ಬರ್ರಿ, ನಿಮ್ಮ ಜಾಗ ನಿಮಗೇ ಐತಿ" ಎಂದು ಸಭೆಯಲ್ಲೇ ಹೇಳಿ, ರಜೆಯನ್ನೂ ಬದಲಿ ವ್ಯವಸ್ಥೆಯನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿಬಿಡಿ. ಬಾಯಿಮಾತಿಗಿಂತ ಆ ಎರಡು ಸಾಲು ಗಟ್ಟಿ.

ಹೊರಡುವ ಮುನ್ನ ಹದಿನೈದು ದಿನವಾದರೂ ಬದಲಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಂತ್ರ ತೊಳೆಯುವುದರಿಂದ ಹಿಡಿದು ಕಂಪ್ಯೂಟರ್‌ವರೆಗೆ ಅವರ ಕೈಯಿಂದಲೇ ಮಾಡಿಸಿ. ನಗದು, ಪಶು ಆಹಾರದ ದಾಸ್ತಾನು, ಬೀಗದ ಕೈ ಎಲ್ಲವನ್ನೂ ಅಧ್ಯಕ್ಷರ ಎದುರಿಗೆ ಎಣಿಸಿ ಕೊಡಿ. ಮುಂದೆ ಯಾರ ಮೇಲೂ ಮಾತು ಬರಬಾರದು. ಚೆಕ್ಕಿನ ಸಹಿಯ ವಿಷಯ ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ, ಅದಕ್ಕೆ ದಿನ ಹಿಡಿಯುತ್ತದೆ. ಒಕ್ಕೂಟದ ವಿಸ್ತರಣಾಧಿಕಾರಿಗೂ ತಿಳಿಸಿ.

ಇನ್ನು ಖರ್ಚು. ಸಹಕಾರಿಗಳಿಗಾಗಿ 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2022-23ರಲ್ಲಿ ಮತ್ತೆ ಶುರುವಾದ ಯಶಸ್ವಿನಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ನೋಂದಣಿ ವರ್ಷದ ಗೊತ್ತಾದ ತಿಂಗಳಲ್ಲಿ ಮಾತ್ರ. ಕಾಯಿಲೆ ಬಂದ ಮೇಲೆ ಓಡಾಡಿದರೆ ಆಗದು. ನಿಮಗೆ ಬೇಕಾದ ಚಿಕಿತ್ಸೆ ಪಟ್ಟಿಯಲ್ಲಿ ಇದೆಯೇ, ಆ ಆಸ್ಪತ್ರೆ ಯೋಜನೆಗೆ ಸೇರಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಮರಳಿ ಬಂದವರ ಕೈಗೆ ಮೊದಲ ದಿನವೇ ಎಲ್ಲ ಕೆಲಸ ಹೇರಬೇಡಿ. ಹೊಟ್ಟೆಯ ಆಪರೇಷನ್ ಆದವರಿಗೆ ಕೆಲವು ವಾರ ಭಾರ ಎತ್ತಬಾರದೆಂದು ವೈದ್ಯರು ಹೇಳಿರುತ್ತಾರೆ. ತುಂಬಿದ 40 ಲೀಟರಿನ ಕ್ಯಾನು 40 ಕಿಲೋಗಿಂತ ಹೆಚ್ಚು ತೂಗುತ್ತದೆ. ಅವರು ಕೂತು ಲೆಕ್ಕ ಬರೆಯಲಿ, ಕ್ಯಾನು ಹುಡುಗರು ಎತ್ತಲಿ.